ಜೇನುಕೇರಿಯ ಕೆಂಡ

ನಮ್ಮೂರಿಗೆ ಬರುವವರು ದಾರಿ ಕೇಳಬೇಕಾಗಿಲ್ಲ, ಹೊಗೆ ನೋಡಿಕೊಂಡು ಬಂದರೆ ಸಾಕು. ಉರಿಯುವ ಒಲೆಗೆ ಒಂದು ಹಿಡಿ ರಾಳ ಉದುರಿಸಿದರೆ ಇಲ್ಲಿನ ಹೊಗೆಯಲ್ಲಿ ಹಳೆಯ ಕಾಲ ಕಾಣುತ್ತದೆ. ಯಾಕೆ ಕಾಣುತ್ತದೆ ಅಂತ ನನ್ನನ್ನು ಕೇಳಬೇಡಿ; ನಿಮ್ಮೂರಿನ ಕನ್ನಡಿಯಲ್ಲಿ ಮುಖ ಯಾಕೆ ಕಾಣುತ್ತದೆ ಅಂತ ನಾನು ಕೇಳಿದ್ದೇನೆಯೇ? ಒಂದು ಕೆಂಡ ಯಾವ ಯಾವ ಒಲೆಯಲ್ಲಿ ಉರಿದು ಬಂದಿದೆಯೋ ಆ ಒಲೆಗಳ ಸುತ್ತ ನಡೆದದ್ದೆಲ್ಲ ಹೊಗೆಯಲ್ಲಿ ಹಿಂದುಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲು ನಿನ್ನೆಯದು, ಆಮೇಲೆ ಅಜ್ಜನದು, ಆಮೇಲೆ ಅಜ್ಜನ ಅಜ್ಜನದು. ನಮ್ಮಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಯ ಹೊಲ ಎಷ್ಟಿದೆ ಅಂತ ಕೇಳುವುದಿಲ್ಲ, ಹೊಗೆ ತೋರಿಸಿ ಅನ್ನುತ್ತಾರೆ. ಹಸಿದ ಮಕ್ಕಳು ಒಲೆಯ ಮುಂದೆ ಅತ್ತರೆ ತಾಯಂದಿರು, "ತಡೀರೋ, ಯುದ್ಧ ಮುಗೀಲಿ, ಆಮ್ಯಾಲೆ ಅನ್ನಕ್ಕಿಡ್ತೀನಿ" ಅನ್ನುತ್ತಾರೆ. ನಾನು ಹೆಂಚು ಹೊದಿಸುವ ದ್ಯಾಮಣ್ಣ, ದೋಣಿ ಕೇರಿಯವನು. ಎಲ್ಲರ ಮಾಡು ಹತ್ತಿ ಎಲ್ಲರ ಹೊಗೆಯನ್ನೂ ಕುಡಿದವನು. ಹಾಗಾಗಿ ಈ ಸಂಗತಿಯನ್ನು ನನಗಿಂತ ಚೆನ್ನಾಗಿ ಹೇಳುವವರು ಇದ್ದರೆ ಎದ್ದು ನಿಲ್ಲಲಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ನಮ್ಮ ಸೀಮೆ ಬಲು ದೊಡ್ಡದು. ಒಂದು ತುದಿಯಲ್ಲಿ ಹಿಮ ಬೀಳುವ ಬೆಟ್ಟ, ಇನ್ನೊಂದು ತುದಿಯಲ್ಲಿ ಉಪ್ಪಿನ ಸಮುದ್ರ, ನಡುವೆ ಹುಲ್ಲುಗಾವಲು, ಕಾಡು, ಎರಡು ಹೊಳೆ. ಆ ಎರಡು ಹೊಳೆ ಕೂಡುವ ಜಾಗದಲ್ಲಿ ನಮ್ಮೂರು. ಎಲ್ಲ ಕಡೆಯಿಂದಲೂ ಜನ ಬಂದು ಇಲ್ಲಿ ಕೇರಿ ಕಟ್ಟಿಕೊಂಡಿದ್ದಾರೆ: ಉಪ್ಪಿನ ಕೇರಿ, ಕಂಬಳಿ ಕೇರಿ, ಕುದುರೆ ಕೇರಿ, ನಮ್ಮ ದೋಣಿ ಕೇರಿ, ಜೇನುಕೇರಿ. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯುತ್ತದೆ, ಬೈಗುಳ ಮಾತ್ರ ಪೂರ್ತಿ ತಿಳಿಯುತ್ತದೆ. ಒಂದೊಂದು ಕೇರಿಗೂ ಹಿರಿಯರು ಹೊತ್ತು ತಂದ ಒಂದೊಂದು ಬೆಂಕಿ. ಅದು ಎಂದೂ ಆರಿಲ್ಲ ಅನ್ನುವುದೇ ಪ್ರತಿ ಕೇರಿಯ ಜಂಬ. ಬೆಂಕಿಯ ವಿಷಯದಲ್ಲಿ ನಮಗೆ ಎರಡು ಕಟ್ಟಳೆ. ಒಂದು ಹಿಡಿಗಿಂತ ಹೆಚ್ಚು ರಾಳ ಹಾಕಬಾರದು. ಹಾಕಿದರೆ ಹಿರಿಯರ ಅರಿವೆ ಬಿಚ್ಚಿ ನೋಡಿದ ಪಾಪ. ಇನ್ನೊಂದು, ಬೇರೆ ಕೇರಿಯಿಂದ ಕೆಂಡ ತರಬಾರದು; ತಂದರೆ ತಂದವರು ಕೊಟ್ಟವರ ಕೇರಿಗೇ ಸೇರಿಹೋದರು, ಅವರ ಹೆಸರು ಅಲ್ಲಿಗೆ ಮುಗಿಯಿತು. ಇನ್ನು ಬೆಂಕಿಕಡ್ಡಿ ಗೀರಿ ಹಚ್ಚಿದ ಬೆಂಕಿಯಲ್ಲೂ ಅನ್ನ ಬೇಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಹೊಗೆ ಬರಿ ಹೊಗೆ, ಕಣ್ಣುರಿಯುವುದಕ್ಕೆ ಮಾತ್ರ.

ಹೀಗಿರುವಾಗ ಅಡಿವೆಪ್ಪ ಮಾಸ್ತರರ ತಲೆಗೆ ಒಂದು ಹುಳ ಹೊಕ್ಕಿತು. ಶಾಲೆಯಲ್ಲಿ ಒಂದೊಂದು ಕೇರಿಯ ಮಕ್ಕಳು ಒಂದೊಂದು ಕಥೆ ಹೇಳಿ ಬಡಿದಾಡುವುದನ್ನು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಇಡೀ ಸೀಮೆಗೆಲ್ಲ ಸೇರಿ ಒಂದು ಚರಿತ್ರೆ ಬೇಕು, ಎಲ್ಲ ಕೇರಿಯ ಬೆಂಕಿಯನ್ನೂ ಒಂದೇ ಕಡೆ ಸಾಲಾಗಿ ಇಡಬೇಕು, ಮಕ್ಕಳು ಆ ಸಾಲಿನ ಮುಂದೆ ನಡೆದುಕೊಂಡು ಹೋದರೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಕಾಣಬೇಕು ಅಂದರು. ಒಳ್ಳೆಯ ಮಾತೇ. ಊರವರು ಸೇರಿ ಹೊಳೆಯ ದಂಡೆಯಲ್ಲಿ ಒಲೆಮನೆ ಕಟ್ಟಿದೆವು, ಹೆಂಚು ನನ್ನದೇ. ತಕರಾರು ಶುರುವಾದದ್ದು ಸಾಲು ಎಲ್ಲಿಂದ ಅನ್ನುವಲ್ಲಿ. ಮೂಡಣದಿಂದ ಅಂದರೆ ಪಡುವಣದವರು ಎದ್ದು ನಿಂತರು. ದೊಡ್ಡ ಕೇರಿ ಮೊದಲು ಅಂದರೆ ಸಣ್ಣ ಕೇರಿಯವರು ಮೂಗು ಮುರಿದರು. ಮಾಸ್ತರರ ಊಟ ಅರ್ಧಕ್ಕೆ ಇಳಿಯಿತು. ಕೊನೆಗೆ, ಒಂದು ಹಿಡಿ ರಾಳದಲ್ಲಿ ಯಾರ ಹೊಗೆ ಎಲ್ಲರಿಗಿಂತ ಹಿಂದಕ್ಕೆ ಹೋಗುತ್ತದೋ ಅವರ ಒಲೆ ಮೊದಲು ಅಂತ ತೀರ್ಮಾನವಾಯಿತು. ಕುದುರೆ ಕೇರಿಯವರು ಆಗಲೇ ಗೆದ್ದವರ ಹಾಗೆ ಓಡಾಡತೊಡಗಿದರು. ಯಾಕೆಂದರೆ ಅವರ ಒಲೆ ಕಾಯುವವಳು ಹಂಪವ್ವ. ಆಕೆಯ ಹಿಡಿ ಅಂದರೆ ಹಿಡಿಯಲ್ಲ, ಮೊರ!

ಜೇನುಕೇರಿಯ ಒಲೆ ಕಾಯುವವಳು ಕೆಂಚವ್ವ. ಕೇರಿ ಅಂತ ಹೆಸರಿಗೆ ಅನ್ನಬೇಕು, ಉಳಿದದ್ದು ಅವಳದೊಂದೇ ಮನೆ. ಅವಳ ಜನ ಒಂದು ಕಾಲಕ್ಕೆ ದೊಡ್ಡ ಕಾಡಿನಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಇಳಿದು ಜೇನು ತೆಗೆಯುತ್ತಿದ್ದವರು. ಕುದುರೆಯವರು ದಂಡೆತ್ತಿ ಬಂದು ಆ ಕಾಡನ್ನು ಸುಟ್ಟರು. ಉಳಿದ ನಾಲ್ಕಾರು ಮಂದಿ ನಮ್ಮೂರಿಗೆ ಓಡಿ ಬಂದರು. ವರ್ಷ ವರ್ಷ ಕಳೆದಂತೆ ಒಬ್ಬೊಬ್ಬರೇ ಮುಗಿದರು. ಕೆಂಚವ್ವನಿಗೆ ಮಕ್ಕಳಿಲ್ಲ, ಗಂಡ ಹೋಗಿ ಎಷ್ಟೋ ಕಾಲವಾಯಿತು. ಬೆಳಿಗ್ಗೆ ಎದ್ದು ಅವಳು ಒಲೆಗೆ ಚಿಟಿಕೆ ರಾಳ ಹಾಕಿ, ಹೊಗೆಯಲ್ಲಿ ಅವ್ವನ ಮುಖ ನೋಡಿ, "ಎದ್ದೆ ನೋಡವ್ವಾ" ಅಂದು ಆಮೇಲೆ ಚಹಕ್ಕಿಡುತ್ತಿದ್ದಳು. ನಾನು ಅವಳ ಮಾಡು ರಿಪೇರಿಗೆ ಹೋದಾಗ ಅದನ್ನು ಕಂಡು, "ಚಿಗವ್ವಾ, ಸತ್ತವರಿಗೂ ಚಾ ಕೊಡ್ತೀಯೇನು?" ಅಂತ ರೇಗಿಸಿದ್ದೆ. "ಅವರು ಕುಡೀತಾರೋ ಬಿಡ್ತಾರೋ, ನಾ ಕೇಳ್ದಂಗ ಇರಬಾರದಲ್ಲ" ಅಂದಿದ್ದಳು.

ಒಲೆಮನೆಯ ಮಾತು ಬಂದ ಮೇಲೆ ಕೆಂಚವ್ವನ ನಡಿಗೆಯೇ ಬದಲಾಯಿತು. ಸಾಲಿನ ಕೊನೆಗಾದರೂ ಇರಲಿ, ತನ್ನವರಿಗೊಂದು ಒಲೆ ಸಿಕ್ಕರೆ ತಾನು ಕಣ್ಣು ಮುಚ್ಚಿದ ಮೇಲೂ ಅವರ ಮುಖ ಉಳಿಯುತ್ತದೆ, ಯಾರ್ಯಾರ ಮಕ್ಕಳೋ ಬಂದು ನೋಡುತ್ತಾರೆ, ಇಂಥವರೂ ಇದ್ದರಂತೆ ಅನ್ನುತ್ತಾರೆ. ಅಷ್ಟೇ ಅವಳ ಆಸೆ. ಮಾಸ್ತರರು ಎಲ್ಲ ಕೇರಿಗೂ ಒಂದೇ ಥರದ ಹೊಸ ಮಡಕೆ, ಮುಚ್ಚಳ ಮಾಡಿಸಿ ಕೊಟ್ಟಿದ್ದರು, ಕೆಂಡ ತರಲು. ಉಳಿದ ಕೇರಿಯವರು ನಾಲ್ಕು ಕೆಂಡ ಹಾಕಿಕೊಂಡು, ಮುಚ್ಚಳ ಓರೆ ಮಾಡಿ ಹೊರಟರು. ಕೆಂಚವ್ವ ಮಾತ್ರ ಒಲೆಯನ್ನು ಪೂರ್ತಿ ಬಳಿದು ಮಡಕೆಗೆ ತುಂಬಿದಳು, ಬೂದಿಯ ಅಡಿಯಲ್ಲಿ ಒಂದು ಕಿಡಿಯನ್ನೂ ಬಿಡಲಿಲ್ಲ. ಅರ್ಧ ಒಯ್ದರೆ ತನ್ನವರಲ್ಲಿ ಅರ್ಧ ಜನ ಮನೆಯಲ್ಲೇ ಉಳಿದುಬಿಟ್ಟಾರು ಅಂತ ಅವಳ ಭಯ. ದಾರಿಯಲ್ಲಿ ಚೆಲ್ಲಬಾರದಲ್ಲ ಅಂತ, ತನ್ನವರು ಜೇನಿನ ಗಡಿಗೆಯ ಬಾಯಿಗೆ ಮೆತ್ತುತ್ತಿದ್ದ ಹಾಗೆಯೇ, ಮುಚ್ಚಳದ ಸುತ್ತ ಹಸಿ ಜೇಡಿಮಣ್ಣು ಮೆತ್ತಿ, ಬೆರಳಿನಿಂದ ನುಣ್ಣಗೆ ಸವರಿದಳು. ಗಾಳಿ ಆಡದ ಹಾಗೆ ಅಷ್ಟು ಚೆನ್ನಾಗಿ ಮೆತ್ತುವುದು ಜೇನುಕೇರಿಯವರಿಗೆ ಬಿಟ್ಟರೆ ಯಾರಿಗೂ ಬಾರದು. ಅಯ್ಯೋ, ಅದೇ ಮುಳುವಾಯಿತು.

ಆ ಬೆಳಿಗ್ಗೆ ಹೊಳೆದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಟ್ಟದಿಂದ ಕಂಬಳಿ ಹೊದ್ದವರು, ಸಮುದ್ರದಿಂದ ಬರಿಮೈಯವರು, ಹುಲ್ಲುಗಾವಲಿನಿಂದ ಕುದುರೆ ಏರಿದವರು, ದೋಣಿ ತುಂಬ ಹೆಂಗಸರು ಮಕ್ಕಳು. ಒಲೆಮನೆಗೆ ಗೋಡೆ ಇರಲಿಲ್ಲ, ಕಂಬ ಮತ್ತು ಮಾಡು ಮಾತ್ರ. ಹಾಗಾಗಿ ಎಲ್ಲರಿಗೂ ಎಲ್ಲ ಕಾಣುತ್ತಿತ್ತು. ನಾನು ಹೊಗೆಗಿಂಡಿ ಸರಿಮಾಡಲು ಮಾಡಿನ ಮೇಲೇ ಕೂತು, ಆ ಕಿಂಡಿಯಿಂದ ಕೆಳಗೆ ನೋಡುತ್ತಿದ್ದೆ. ಮಾಸ್ತರರು ಕೇರಿಯ ಹೆಸರು ಕೂಗಿದ ಹಾಗೆ ಒಬ್ಬೊಬ್ಬರೇ ಬಂದು ತಮ್ಮ ಮಡಕೆಯ ಕೆಂಡವನ್ನು ಒಲೆಗೆ ಸುರಿದು ಉರಿ ಮಾಡಿಕೊಂಡರು. ಕೆಂಚವ್ವನ ಸರದಿ ಬಂತು. ಅವಳು ಒಣಗಿದ ಜೇಡಿಮಣ್ಣನ್ನು ಒಡೆದು ಮುಚ್ಚಳ ತೆಗೆದಳು. ಒಳಗೆ ಕಪ್ಪಗೆ ಇದ್ದಿಲು. ಊದಿದಳು. ಬೂದಿ ಹಾರಿ ಮುಖಕ್ಕೆ ಬಂತೇ ಹೊರತು ಕಿಡಿ ಕಾಣಲಿಲ್ಲ. ಮಡಕೆಯೊಳಗೆ ಬರಿಗೈ ಹಾಕಿ ಒಂದೊಂದೇ ಇದ್ದಿಲನ್ನು ಮುಟ್ಟಿ ನೋಡಿದಳು. ತಣ್ಣಗಿದ್ದವು.

"ಮನ್ಯಾಗ ಒಂದಿಷ್ಟು ಉಳಿದಿರಬೇಕಲ್ಲವ್ವಾ?" ಅಂದರು ಮಾಸ್ತರರು.

"ಇಲ್ರೀ ಮಾಸ್ತರ. ಎಲ್ಲಾರನ್ನೂ ಕರ್ಕೊಂಡು ಬಂದಿದ್ದೆ" ಅಂದಳು ಕೆಂಚವ್ವ.

ಅವಳು ಅಳಲಿಲ್ಲ. ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಖಾಲಿ ಒಲೆಯ ಮುಂದೆ ಕೂತುಬಿಟ್ಟಳು. ಜನ ಗುಸುಗುಸು ಅಂದರು. ಯಾರೋ ಬೆಂಕಿಕಡ್ಡಿ ಗೀರಿ ಹಚ್ಚಿ ಬಿಡಲಿ, ಒಲೆ ಖಾಲಿ ಕಾಣಬಾರದು ಅಂದರು. ಕೆಂಚವ್ವ ಬೇಡವೆಂದು ತಲೆ ಆಡಿಸಿದಳು. ಮಾಸ್ತರರು ಒಂದು ಕೇರಿಯೇ ಕಡಿಮೆಯಾದ ಸಾಲನ್ನು ನೋಡುತ್ತ ನಿಂತರು. ಆಗ ಪಕ್ಕದ ಒಲೆಯಿಂದ ಹಂಪವ್ವ ಎದ್ದಳು. ಆಕೆ ಎದ್ದರೆ ನಾಲ್ಕು ಜನ ಸರಿಯಬೇಕು, ಅಂಥ ಆಳು. ತೆಂಗಿನ ಚಿಪ್ಪಿನಲ್ಲಿ ಎರಡು ಕೆಂಡ ಎತ್ತಿಕೊಂಡು ಬಂದು ಕೆಂಚವ್ವನ ಮುಂದೆ ಹಿಡಿದಳು.

"ತಗೋ."

"ನಿನ್ನ ಬೆಂಕಿ ನಾ ಹೆಂಗ ತಗೊಳ್ಳಲಿ ಹಂಪಕ್ಕ? ತಗೊಂಡ್ರ ನಮ್ಮ ಕೇರಿ ಹೆಸರು ಹೋತಲ್ಲ."

"ತಗೊಳ್ದಿದ್ರೂ ಹೋತು. ಕಟ್ಟಳಿ ನಾ ಮಾಡಿದ್ದಲ್ಲ, ಅದಕ್ಕ ನಾ ಏನ್ ಮಾಡ್ಲಿ? ಹೆಣ್ಮಗಳು ತಣ್ಣನ ಒಲಿ ಮುಂದ ಕುಂತದ್ದು ನೋಡ್ಕೋಂತ ಕುಂದರಾಕ ನನಗ ಆಗೂದಿಲ್ಲ, ಅಷ್ಟಽ" ಅಂದಳು ಹಂಪವ್ವ, ಜಗಳವಾಡುವ ದನಿಯಲ್ಲೇ. ಆಕೆಗೆ ಬೇರೆ ದನಿ ಇರಲಿಲ್ಲ.

ಕೆಂಚವ್ವ ಬಹಳ ಹೊತ್ತು ಆ ಕೆಂಡವನ್ನೇ ನೋಡಿದಳು. ಅವಳ ಮನಸ್ಸಿನಲ್ಲಿ ಏನು ನಡೆಯಿತು ಅನ್ನುವುದನ್ನು ಆಮೇಲೆ ಅವಳೇ ನನಗೆ ಹೇಳಿದ್ದು. ಇದು ತನ್ನ ಕಾಡು ಸುಟ್ಟ ಬೆಂಕಿ. ಕಾಡು ಸುಟ್ಟ ಬೆಂಕಿ ಕಾಡಿನವರನ್ನು ನೋಡಿರಲೇಬೇಕು. ಕುದುರೆಯವರು ತಮ್ಮ ಗೆಲುವು ಕಂಡ ಕೂಡಲೇ ರಾಳ ನಿಲ್ಲಿಸುತ್ತಾರೆ, ಗೆಲುವಿನ ಹಿಂದೆ ಏನಿದೆ ಅಂತ ಅವರೂ ನೋಡಿಲ್ಲ. ಓಡುವಾಗಲಾದರೂ ಸರಿ, ಸಾಯುವಾಗಲಾದರೂ ಸರಿ, ತನ್ನವರ ಮುಖ ಇನ್ನೆಲ್ಲಾದರೂ ಸಿಗುವುದಿದ್ದರೆ ಇದರಲ್ಲೇ ಸಿಗಬೇಕು. ಹೀಗಂದುಕೊಂಡು ಅವಳು ಚಿಪ್ಪನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಕುದುರೆ ಕೇರಿಯ ಗಂಡಸರು ಕೇಕೆ ಹಾಕಿದರು. ಹಂಪವ್ವ ತಿರುಗಿ ಗದರಿದ ಮೇಲೆ ತೆಪ್ಪಗಾದರು.

ಉರಿ ಹತ್ತಿತು. ಕೆಂಚವ್ವ ಸೊಂಟದಿಂದ ರಾಳದ ಚೀಲ ಬಿಚ್ಚಿದಳು. ಒಂದು ಹಿಡಿ ತೆಗೆಯುತ್ತಾಳೆ ಅಂತ ಎಲ್ಲರೂ ನೋಡುತ್ತಿದ್ದರೆ, ಅವಳು ಚೀಲವನ್ನೇ ತಲೆಕೆಳಗು ಮಾಡಿ ಒಲೆಗೆ ಸುರಿದುಬಿಟ್ಟಳು!

ಜನ ಹೋ ಅಂದರು. ಮುದುಕರು ಕಿವಿ ಮುಚ್ಚಿಕೊಂಡರು, ಕಣ್ಣು ಮುಚ್ಚಿಕೊಳ್ಳುವುದು ಬಿಟ್ಟು. ಹೊಗೆ ಹೊಗೆಗಿಂಡಿಗೆ ಕಾಯಲಿಲ್ಲ. ಮಾಡಿನ ನಾಲ್ಕೂ ಕಡೆಯಿಂದ ಹೊರಟು ನನ್ನನ್ನು ಸುತ್ತಿಕೊಂಡು ಆಕಾಶಕ್ಕೆ ಎದ್ದಿತು. ಮೊದಲು ಅದರಲ್ಲಿ ಹಂಪವ್ವನೇ ಕಂಡಳು, ಚಿಪ್ಪು ಹಿಡಿದು ನಿಂತವಳು. ಆಮೇಲೆ ಕುದುರೆ ಕೇರಿಯ ಮದುವೆಗಳು, ಹೆರಿಗೆಗಳು, ಸಾವುಗಳು ಹಿಂದುಹಿಂದಕ್ಕೆ ಓಡಿದವು. ಆಮೇಲೆ ಬಾವುಟ, ದಂಡು, ಅವರು ದಿನಾ ತೋರಿಸುವ ಗೆಲುವು. ಹೊಗೆ ಅಲ್ಲಿ ನಿಲ್ಲಲಿಲ್ಲ. ಬಾವುಟದ ಹಿಂದೆ ಕಾಡು ಉರಿಯುತ್ತಿತ್ತು. ಉರಿಯೊಳಗಿಂದ ಜನ ಓಡಿ ಬರುತ್ತಿದ್ದರು. ಅಷ್ಟೊಂದು ಜನ ಇದ್ದರು ಅಂತ ನಮಗೆ ಗೊತ್ತೇ ಇರಲಿಲ್ಲ. ಹಂಪವ್ವ ಮುಖ ತಿರುಗಿಸಿದಳು, ಆಮೇಲೆ ಏನನ್ನಿಸಿತೋ, ತಿರುಗಿ ನೋಡಿದಳು.

"ಕೂಸು ಕಟಗೊಂಡು ಓಡ್ಲಿಕತ್ತಾಳಲ್ಲ, ಅಕಿ ಯಾರ?" ಅಂತ ಕೇಳಿದಳು.

"ನಮ್ಮವರಕಿ. ಹೆಸರು ನನಗೂ ಗೊತ್ತಿಲ್ಲ. ಮೂಗು ನಮ್ಮವ್ವಂದ ಐತಿ ನೋಡು" ಅಂದಳು ಕೆಂಚವ್ವ.

ಹಂಪವ್ವ ಅವಳ ಪಕ್ಕ ನೆಲದ ಮೇಲೆ ಕೂತಳು. ಆ ಭಾರೀ ಹೆಂಗಸು ಅಷ್ಟು ಮೆಲ್ಲಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೊಗೆ ಇನ್ನೂ ಹಿಂದಕ್ಕೆ ಹೋಯಿತು. ಕಾಡು ಮತ್ತೆ ಹಸಿರಾಯಿತು. ಮಳೆ ಬಂತು, ಬಿಡದ ಮಳೆ. ಕಾಡಿನ ಅಂಚಿನಲ್ಲಿ ಬಡಕಲು ಕುದುರೆಗಳು, ಒದ್ದೆಯಾದ ಕಂಬಳಿಯಡಿ ನಡುಗುವ ಮಕ್ಕಳು, ಆರಿಹೋದ ಒಲೆಯ ಮುಂದೆ ಕೈ ಚೆಲ್ಲಿ ಕೂತ ಒಬ್ಬ ಹೆಂಗಸು. ಹಂಪವ್ವನ ಹಾಗೆಯೇ ಅಗಲ ಭುಜ. ಎಂದೂ ಆರಿಲ್ಲ ಅನ್ನುತ್ತಿದ್ದ ಕುದುರೆ ಕೇರಿಯ ಬೆಂಕಿ ಆರಿಹೋಗಿತ್ತು! ಆಗ ಕಾಡಿನೊಳಗಿಂದ, ಸೊಂಟಕ್ಕೆ ಹಗ್ಗ ಸುತ್ತಿಕೊಂಡ ಒಬ್ಬಳು ಮಣ್ಣಿನ ಗಡಿಗೆ ಹೊತ್ತು ಬಂದಳು. ಕೂತವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಗಡಿಗೆಯಿಂದ ಕೆಂಡ ತೆಗೆದು ಅವಳ ಒಲೆಗೆ ಹಾಕಿ ಊದಿದಳು. ಹೊಗೆಯಲ್ಲಿ ಅವಳ ಕೆನ್ನೆ ಉಬ್ಬಿದ್ದು ನಮಗೆಲ್ಲ ಕಂಡಿತು.

ಅಷ್ಟು ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಹೆಂಚು ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲಿಂದ ಹಿಂದಕ್ಕೆ ಆ ಹೊಗೆ ಕುದುರೆಯವರದಾಗಿರಲಿಲ್ಲ, ಜೇನುಕೇರಿಯವರದು. ಬಂಡೆಗೆ ಇಳಿಬಿಟ್ಟ ಹಗ್ಗಗಳು, ಗಡಿಗೆಯ ಬಾಯಿಗೆ ಮಣ್ಣು ಮೆತ್ತುವ ಹುಡುಗಿಯರು, ಮುಖ, ಮುಖ, ಇನ್ನೊಂದು ಮುಖ. ಕೆಂಚವ್ವ ಬಾಯಿ ತೆರೆದು ನೋಡುತ್ತಿದ್ದಳು. ಅವಳ ಅವ್ವನ ಮುಖ ಮಾತ್ರ ಇರಲಿಲ್ಲ; ಅದು ಬೆಳಿಗ್ಗೆ ಆರಿದ ಬೆಂಕಿಯ ಜೊತೆ ಹೋಯಿತು, ಇನ್ನು ಬಾರದು. ಅವ್ವನಿಗಿಂತ ಎಷ್ಟೋ ಹಿಂದಿನವರು ಗುಂಪುಗುಂಪಾಗಿ ಬಂದರು, ಕೆಂಚವ್ವ ಸ್ವತಃ ಎಂದೂ ಕಾಣದವರು. ಅವರ ಹಿಂದೆ ಒಂದು ದೊಡ್ಡ ನೆರೆ ಬಂತು. ಮರದ ಮೇಲೆ ಬೆಂಕಿಯಿಲ್ಲದೆ ಕೂತ ಜೇನಿನವರಿಗೆ ದೋಣಿಯಲ್ಲಿ ಒಬ್ಬ ಮುದುಕ ಕೆಂಡ ಚಾಚುತ್ತಿದ್ದ. ನಾನು ಮಾಡಿನ ಮೇಲಿಂದ ಕೂಗಿಯೇಬಿಟ್ಟೆ, "ಅಂವ ನಮ್ಮಂವ! ಹುಟ್ಟು ಹಿಡಿದದ್ದು ನೋಡ್ರಿ, ನಮ್ಮ ಕೇರಿಯಂವನಽ!"

ಆಮೇಲೆ ಯಾರನ್ನು ಯಾರು ತಡೆಯುವುದು? ಉಪ್ಪಿನ ಕೇರಿಯವರು ಚೀಲ ಸುರಿದರು, ಕಂಬಳಿ ಕೇರಿಯವರು ಸುರಿದರು, ನಮ್ಮ ದೋಣಿ ಕೇರಿಯವರೂ ಸುರಿದರು. ಎಲ್ಲ ಹೊಗೆಯೂ ಒಂದಕ್ಕೊಂದು ಕೂಡಿಕೊಂಡು ಎರಡು ಹೊಳೆಯ ಮೇಲೆ ಹರಡಿ, ಹಿಮದ ಬೆಟ್ಟದ ಕಡೆಗೂ ಸಮುದ್ರದ ಕಡೆಗೂ ಹಬ್ಬಿತು. ಎಂದೂ ಆರದ ಬೆಂಕಿ ಅಂತ ಒಂದೂ ಇರಲಿಲ್ಲ. ಬಿರುಗಾಳಿಗೆ ಉಪ್ಪಿನವರದು ಆರಿತ್ತು, ಬೆಟ್ಟದಿಂದಿಳಿದ ಕಂಬಳಿಯವರು ಕೊಟ್ಟಿದ್ದರು. ಹಿಮದಲ್ಲಿ ಕಂಬಳಿಯವರದು ಆರಿತ್ತು, ಹುಲ್ಲುಗಾವಲಿನ ಕುದುರೆಯವರು ಕೊಟ್ಟಿದ್ದರು. ಅದು ಕುದುರೆಯವರ ಬೆಂಕಿ ಮಳೆಯಲ್ಲಿ ಆರುವುದಕ್ಕಿಂತ ಮುಂಚಿನ ಮಾತು. ಕೊಟ್ಟವರೇ ಕೊಂದದ್ದೂ ಇತ್ತು, ಕೊಂದವರೇ ಕೊಟ್ಟದ್ದೂ ಇತ್ತು. ಎಲ್ಲ ಕಂಡಿತು, ಏನೂ ಮುಚ್ಚಿಹೋಗಲಿಲ್ಲ. ಇನ್ನೂ ಹಿಂದಕ್ಕೆ ಹೋದಂತೆ ಬಟ್ಟೆಯ ಬಣ್ಣ ಹೋಯಿತು, ಯಾರು ಯಾವ ಕೇರಿ ಅಂತ ತಿಳಿಯದಾಯಿತು. ಕೊನೆಕೊನೆಗೆ ಮುಖವೂ ಕಾಣಲಿಲ್ಲ. ಒಂದು ಕೈ ಕೊಡುತ್ತಿತ್ತು, ಒಂದು ಕೈ ತೆಗೆದುಕೊಳ್ಳುತ್ತಿತ್ತು. ಆಕಾಶದ ತುಂಬ ಅವೇ.

ಹೊಗೆ ತಿಳಿಯಾದ ಮೇಲೆ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು.

"ಸಾಲು ಬ್ಯಾಡ್ರಪಾ. ಕೊಟ್ಟವರ ಮಗ್ಗಲಿಗೆ ತಗೊಂಡವರ ಒಲಿ ಇಡೂಣು" ಅಂದರು.

ಇಡುತ್ತ ಹೋದೆವು. ಕುದುರೆಯವರ ಪಕ್ಕ ಜೇನಿನವರು, ಅವರ ಪಕ್ಕ ನಾವು, ನಮ್ಮ ಪಕ್ಕ ನಮಗೆ ಕೊಟ್ಟ ಉಪ್ಪಿನವರು, ಅವರ ಪಕ್ಕ ಕಂಬಳಿಯವರು, ಕಂಬಳಿಯವರ ಪಕ್ಕ ಮತ್ತೆ ಕುದುರೆಯವರು. ಸಾಲು ತಿರುಗಿ ಬಂದು ಸೇರಿಕೊಂಡಿತು. ಮೊದಲ ಒಲೆ ಯಾವುದು ಅಂತ ಇವತ್ತಿಗೂ ಯಾರಿಗೂ ಹೇಳಲು ಬರುವುದಿಲ್ಲ. ಮಕ್ಕಳು ತಮಗೆ ಬೇಕಾದಲ್ಲಿಂದ ಶುರುಮಾಡುತ್ತಾರೆ. ಇನ್ನು ಆ ಕೆಂಡದ ಕಟ್ಟಳೆ? ಅದರ ಪ್ರಕಾರ ನೋಡಿದರೆ ಎಲ್ಲರೂ ಎಲ್ಲರ ಕೇರಿಗೂ ಸೇರಿದವರಾದೆವು. ಯಾವನೋ ತರಲೆ, "ಹಂಪವ್ವಾ, ಹಂಗಾರ ನೀನೂ ಜೇನುಕೇರಿಯಾಕಿನಽ ಆತಲ್ಲ!" ಅಂತ ಕೂಗಿದ. ಹಂಪವ್ವ ಯಾವತ್ತಿನಂತೆ ಬಾಯಿ ಮಾಡುತ್ತಾಳೆ ಅಂದುಕೊಂಡೆವು. ಆಕೆ ತನ್ನ ಚಿಪ್ಪು ಎತ್ತಿಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಕೆಂಚವ್ವನ ಮಾಡಿನ ಮೇಲಿದ್ದೆ, ಒಡೆದ ಹೆಂಚು ಬದಲಾಯಿಸಲು. ಕೆಳಗೆ ಅವಳು ಒಲೆಮನೆಯಿಂದ ತಂದ ಕೆಂಡದಿಂದ ಒಲೆ ಹಚ್ಚಿ ಚಹಕ್ಕಿಟ್ಟಿದ್ದಳು. ಅಷ್ಟರಲ್ಲಿ ಓಣಿಯಲ್ಲಿ ಹಂಪವ್ವ ಬಂದಳು, ಕೈಯಲ್ಲಿ ಖಾಲಿ ತೆಂಗಿನ ಚಿಪ್ಪು. ಬಾಗಿಲಲ್ಲಿ ನಿಂತು, "ಕೆಂಚವ್ವಾ, ಒಂದೀಟು ಕೆಂಡ ಕೊಡ" ಅಂದಳು.

ಕೆಂಚವ್ವ ಗಾಬರಿಯಾಗಿ ಎದ್ದಳು. "ಅಯ್ಯ, ಯಾಕ? ನಿನ್ನ ಒಲಿ ಆರೈತೇನು?"

"ಆರಿಲ್ಲ" ಅಂದಳು ಹಂಪವ್ವ. "ನಾನಽ ನೀರು ಹಾಕಿ ಆರಿಸಿ ಬಂದೀನಿ."

ಕೆಂಚವ್ವ ಅವಳನ್ನೇ ನೋಡಿದಳು. ಆಮೇಲೆ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಳ್ಳೆಯ ಎರಡು ಕೆಂಡ ಹೆಕ್ಕಿ ಚಿಪ್ಪಿಗೆ ಹಾಕಿ, ಕೆನ್ನೆ ಉಬ್ಬಿಸಿ ಊದಿ, ಕೊಟ್ಟಳು. ಕೆಂಚವ್ವ ಈಗಿಲ್ಲ, ಜೇನುಕೇರಿಯಲ್ಲಿ ಮನೆಯೂ ಇಲ್ಲ. ಆದರೆ ಕುದುರೆ ಕೇರಿಯ ಒಲೆಗಳೆಲ್ಲ ಆ ಎರಡು ಕೆಂಡದಿಂದಲೇ ಹೊತ್ತಿದವು; ಅಲ್ಲಿ ಯಾವ ಒಲೆಗೆ ರಾಳ ಹಾಕಿದರೂ, ಅವರ ಗೆಲುವು ಬರುವುದಕ್ಕೆ ಎಷ್ಟೋ ಮೊದಲು ಅವಳು ಬರುತ್ತಾಳೆ. ಹಂಪವ್ವನ ಮೊಮ್ಮಕ್ಕಳು ಬೆಳಿಗ್ಗೆ ಎದ್ದು ಹೊಗೆ ನೋಡಿ, "ಎದ್ದೆ ನೋಡವ್ವಾ" ಅನ್ನುತ್ತಾರೆ.